ದೋಣಿ ಹತ್ತದವರ ಕಾಫಿ

ಜಪಾನಿನ ಒಕಾಜಾಕಿಯಿಂದ ಕಾರಿನಲ್ಲಿ ದಕ್ಷಿಣಕ್ಕೆ ಹೊರಟರೆ, ಗದ್ದೆಗಳು ಮುಗಿದು ಸಮುದ್ರ ಶುರುವಾಗುವ ಕಡೆ ಒಂದು ಪುಟ್ಟ ಬಂದರು ಸಿಗುತ್ತದೆ. ಎದುರಿನ ದ್ವೀಪಕ್ಕೆ ಅಲ್ಲಿಂದ ದೋಣಿ. ಟಿಕೆಟ್ ಕೊಡುವ ಕಟ್ಟಡಕ್ಕೆ ಅಂಟಿಕೊಂಡಂತೆ ಒಂದು ಕಾಫಿ ಅಂಗಡಿ. ಅಂಗಡಿಯಾಕೆ ಒಳಗೆ ಬಂದವರನ್ನು ಏನು ಬೇಕು ಎಂದು ಕೇಳುವುದಿಲ್ಲ, ಯಾವ ದೋಣಿ ಎಂದು ಕೇಳುತ್ತಾರೆ. ಈಗ ಹೊರಡುವ ದೋಣಿ ಎಂದರೆ ಬ್ರೆಡ್ಡು ಆಗಲೇ ಟೋಸ್ಟರಿಗೆ ಹೋಗಿರುತ್ತದೆ. ಅದರ ಮುಂದಿನದು ಎಂದರೆ ಮೊದಲು ನೀರು, ಒದ್ದೆ ಟವೆಲ್ಲು, ಪೇಪರು ಬರುತ್ತವೆ. ಆ ಸೀಮೆಯಲ್ಲಿ ಬೆಳಗಿನ ಹೊತ್ತು ಕಾಫಿ ಕೇಳಿದರೆ ಸಾಕು, ದಪ್ಪನೆಯ ಟೋಸ್ಟೂ ಬೇಯಿಸಿದ ಮೊಟ್ಟೆಯೂ ತಾವಾಗಿಯೇ ಬರುತ್ತವೆ. ಅದಕ್ಕೆ 'ಮಾರ್ನಿಂಗ್' ಎಂದೇ ಹೆಸರು. ಬೇಡ ಎಂದರೂ ಬರುತ್ತದೆ, ಬರಿಯ ಕಾಫಿ ಕೊಟ್ಟು ಕಳಿಸುವುದು ಅಂಗಡಿಯ ಮರ್ಯಾದೆಗೆ ಕಡಿಮೆ.

ಕೊರೊನಾದ ಮೊದಲ ಬೇಸಿಗೆಯಲ್ಲಿ ನಾನೂ ನನ್ನ ಅತ್ತೆಯೂ ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಿದ್ದೆವು. ನಾನು ಆಗ ಒಕಾಜಾಕಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಪೋಸ್ಟ್‌ಡಾಕ್. ಗಂಡನಿಗೆ ಯೋಕೋಹಾಮಾದಲ್ಲಿ ಸಾಫ್ಟ್‌ವೇರ್ ಕೆಲಸ. ಮಗ ಸೊಸೆಯನ್ನು ನೋಡಿಕೊಂಡು, ಚೆರ್ರಿ ಹೂವಿನ ಕೆಳಗೆ ನಿಂತು ಒಂದು ಫೋಟೋ ತೆಗೆಸಿಕೊಂಡು ಹೋಗೋಣವೆಂದು ಅತ್ತೆ ಬೆಂಗಳೂರಿನಿಂದ ಒಬ್ಬರೇ ಬಂದಿದ್ದರು. ಮಾವನಿಗೆ ವಿಮಾನವೆಂದರೆ ಆಗದು. ನನ್ನಲ್ಲಿ ನಾಲ್ಕು ದಿನ ಇರಲೆಂದು ಅತ್ತೆ ಬಂದ ವಾರದಲ್ಲೇ ವಿಮಾನಗಳು ನಿಂತವು. ಊರು ಬಿಟ್ಟು ಊರಿಗೆ ಓಡಾಡಕೂಡದೆಂದು ಗಂಡನ ಕಂಪನಿ ಕಟ್ಟಪ್ಪಣೆ ಮಾಡಿತು. ಹೀಗೆ ನಾವಿಬ್ಬರೂ ಒಂದೂವರೆ ಕೋಣೆಯ ಮನೆಯಲ್ಲಿ ಮುಖ ಮುಖ ನೋಡಿಕೊಂಡು ಕೂತೆವು. ಜಗಳ ಆಗಲಿಲ್ಲ. ಜಗಳಕ್ಕೂ ಒಂದಿಷ್ಟು ಜಾಗ ಬೇಕು.

ಅತ್ತೆಗೆ ಇದ್ದದ್ದು ಒಂದೇ ಯೋಚನೆ, ಮನೆಗೆ ಹೋಗಿ ಮಾವನನ್ನು ಸೇರಿಕೊಳ್ಳುವುದು. ಮಾವನಿಗೆ ಸಕ್ಕರೆ ಕಾಯಿಲೆ, ಅದರ ಮೇಲೆ ಬಾಯಿ ಚಪಲ. ಅವರ ತಮ್ಮನ ಸಂಸಾರ ಅದೇ ಮನೆಯ ಮಹಡಿಯಲ್ಲಿತ್ತು, ಊಟಕ್ಕೇನೂ ಕೊರತೆಯಿರಲಿಲ್ಲ. ಆದರೂ ದಿನವೂ ಫೋನು ಮಾಡಿ ಇಂಗಿನ ಡಬ್ಬಿ ಎಲ್ಲಿ, ಶಾಲು ಎಲ್ಲಿ ಎಂದು ಕೇಳುತ್ತಿದ್ದರು. ಅತ್ತೆ ಬೈಯುತ್ತಾ ಉತ್ತರ ಹೇಳುತ್ತಿದ್ದರು. ಮರುದಿನ ಅದೇ ಡಬ್ಬಿ ಮತ್ತೆ ಕಳೆದುಹೋಗುತ್ತಿತ್ತು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಇಂಗಿನ ನೆಪದಲ್ಲಿ ಮಾತಾಡುವವರನ್ನು ನೋಡಿ ನನಗೆ ನಗು ಬರುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ನನ್ನ ಗಂಡ ಫೋನು ಮಾಡಿದರೆ ವೈ-ಫೈ ಬಗ್ಗೆ ಮಾತಾಡುತ್ತಿದ್ದ.

ಕೊರೊನಾಕ್ಕೆಂದು ಜಪಾನ್ ಸರ್ಕಾರ ಹೇರಿದ್ದ ತುರ್ತುಸ್ಥಿತಿ ಮುಗಿದ ವಾರ ಅತ್ತೆ, "ಎಲ್ಲಾದ್ರೂ ನೀರು ಕಾಣೋ ಕಡೆ ಕರ್ಕೊಂಡು ಹೋಗಮ್ಮ" ಎಂದರು. ಹಾಗೆ ಸಿಕ್ಕಿದ್ದು ಬಂದರು. ಅಂಗಡಿಯಾಕೆ ವಾಡಿಕೆಯಂತೆ ಯಾವ ದೋಣಿ ಎಂದು ಕೇಳಿದರು. ನಾನು ಅದನ್ನು ಅತ್ತೆಗೆ ಹೇಳಿದೆ.

"ಯಾವ ದೋಣೀನೂ ಬೇಡ. ಹತ್ತೋದಾದ್ರೆ ಇನ್ನು ವಿಮಾನಾನೇ ಹತ್ತೋದು."

ದೋಣಿ ಇಲ್ಲ ಎಂದು ನಾನು ಜಪಾನಿಯಲ್ಲಿ ಹೇಳಿದಾಗ ಅಂಗಡಿಯಾಕೆ ಗೊಂದಲಕ್ಕೆ ಬಿದ್ದರು. ಟೋಸ್ಟನ್ನು ಯಾವಾಗ ಹಾಕುವುದೆಂದೇ ಅವರಿಗೆ ತಿಳಿಯಲಿಲ್ಲ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ತಂದಿಟ್ಟರು. ಕಪ್ಪು ಕಾಫಿ, ಬೆಣ್ಣೆ ಸವರಿ ಅದರ ಮೇಲೆ ಕೆಂಪು ಅವರೆಯಂಥ ಕಾಳಿನ ಸಿಹಿ ಬಳಿದ ಟೋಸ್ಟು, ಚಿಕ್ಕ ಬಟ್ಟಲಲ್ಲಿ ಚಿಪ್ಪಿನ ಸಮೇತ ಮೊಟ್ಟೆ.

"ಮೊಟ್ಟೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಅತ್ತೆ. ಕಾಫಿ ಜೊತೆ ಬರುತ್ತೆ."

"ಇದ್ಯಾವ ಊರು ಕಣಮ್ಮ, ಕಾಫಿ ಕೇಳಿದ್ರೆ ಮೊಟ್ಟೆ ಕೊಡ್ತಾರೆ!"

ಟೋಸ್ಟಿನ ಮೇಲಿನ ಸಿಹಿಯನ್ನು ಮೊದಲು ಮೂಸಿದರು, ಆಮೇಲೆ ನೆಕ್ಕಿದರು. "ಹೋಳಿಗೆ ಹೂರಣ! ಏಲಕ್ಕಿ ಮರೆತಿದ್ದಾರೆ ಅಷ್ಟೆ" ಎಂದು ಪೂರ್ತಿ ತಿಂದರು. ಕಾಫಿಯನ್ನು ಮಾತ್ರ ಕಷಾಯ ಎಂದು ಪಕ್ಕಕ್ಕೆ ಸರಿಸಿ, ಚೀಲದಿಂದ ಬಿಸಿಹಾಲಿನ ಫ್ಲಾಸ್ಕ್ ತೆಗೆದರು. ಬೇರೆಯವರ ಅಂಗಡಿಯಲ್ಲಿ ಕೂತು ಮನೆಯ ಹಾಲು ಸುರಿದುಕೊಳ್ಳುವುದನ್ನು ನೋಡಿ ನಾನು ಸುಮಿಮಾಸೆನ್, ಸುಮಿಮಾಸೆನ್ ಎಂದು ಜಪಾನಿಯಲ್ಲಿ ಕ್ಷಮೆ ಕೇಳುತ್ತಾ ಭೂಮಿಗಿಳಿದು ಹೋದೆ. ಮುಂದಿನ ವಾರ ಅಂಗಡಿಯಾಕೆ ತಾವೇ ಪುಟ್ಟ ಜಗ್ಗಿನಲ್ಲಿ ಹಾಲು ಕಾಯಿಸಿ ತಂದಿಟ್ಟರು.

ಉಳಿದದ್ದು ಮೊಟ್ಟೆ. ಪಕ್ಕದ ಮೇಜಿನಲ್ಲಿ ಪ್ಲಾಸ್ಟಿಕ್ ಪರದೆಯ ಆಚೆಗೆ ಟೋಪಿ ಹಾಕಿಕೊಂಡ ಒಬ್ಬರು ಮುದುಕರು ಕೂರುತ್ತಿದ್ದರು. ಹಿಂದೆ ಮೀನು ಹಿಡಿಯುತ್ತಿದ್ದವರು, ಈಗ ದೋಣಿಗಳು ಹೋಗಿಬರುವುದನ್ನು ನೋಡುವುದೇ ಅವರ ಕೆಲಸ. ನಾನು ಕೈಹಿಡಿದು ತಡೆಯುವಷ್ಟರಲ್ಲಿ ಅತ್ತೆ ಮೊಟ್ಟೆಯ ಬಟ್ಟಲನ್ನು ಪರದೆಯ ಸುತ್ತ ಬಳಸಿ ಅವರ ಮುಂದಿಟ್ಟು, "ತಗೊಳ್ಳಿ, ಮುಟ್ಟಿಲ್ಲ ನಾನು" ಎಂದರು, ಕನ್ನಡದಲ್ಲೇ. ಇಡೀ ದೇಶ ಒಬ್ಬರನ್ನೊಬ್ಬರು ಮುಟ್ಟದೆ ಬದುಕುತ್ತಿದ್ದ ಕಾಲ. ಪರಿಚಯವೇ ಇಲ್ಲದವರಿಗೆ ತಿನ್ನುವ ವಸ್ತು ಕೊಡುವುದು ಅಲ್ಲಿ ಹಿಂದೆಯೂ ರೂಢಿಯಲ್ಲಿರಲಿಲ್ಲ. ಮುದುಕರು ಮೊಟ್ಟೆಯನ್ನು ನೋಡಿದರು, ಅತ್ತೆಯನ್ನು ನೋಡಿದರು, ತಲೆಬಾಗಿದರು.

ಜಪಾನಿನಲ್ಲಿ ತೆಗೆದುಕೊಂಡವರು ತಿರುಗಿ ಕೊಡಲೇಬೇಕು. ನಮ್ಮ ಅತ್ತೆಯಂಥವರ ಮನೆಗಳಲ್ಲೂ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದಿಲ್ಲ. ಈ ಎರಡೂ ಎದುರಾದರೆ ಏನಾಗುತ್ತದೆಂದು ನನಗೆ ಹೊಳೆಯಬೇಕಿತ್ತು. ಮುಂದಿನ ಭಾನುವಾರ ಮುದುಕರು ತಮ್ಮ ಹಿತ್ತಲಿನ ಬದನೆಕಾಯಿ ತಂದರು. ಅತ್ತೆ ಎಣ್ಣೆಗಾಯಿ ಮಾಡಿದ್ದಲ್ಲದೆ, ಅದರ ಮುಂದಿನ ವಾರ ಕೋಡುಬಳೆ ಕರಿದು ಡಬ್ಬಿಗೆ ತುಂಬಿಕೊಂಡು ಹೋದರು. ಡಬ್ಬಿಯಲ್ಲಿ ಹಪ್ಪಳದಂಥದ್ದು ತುಂಬಿ ಬಂತು. ಆ ತೀರದ ಹೆಸರುವಾಸಿ ಸೀಗಡಿ ಹಪ್ಪಳ. ಅದು ಏನೆಂದು ಅತ್ತೆ ಕೇಳಿದರು. ಖಾರ ಜಾಸ್ತಿ, ನಿಮಗಾಗಲ್ಲ ಎಂದು ಹೇಳಿ ಲ್ಯಾಬಿಗೆ ಒಯ್ದು ಹಂಚಿದೆ. ನಮ್ಮ ಪ್ರೊಫೆಸರ್ ಎರಡು ಸಲ ಕೈ ಹಾಕಿದರು.

ಅಂಗಡಿಯಲ್ಲಿ ಮಾತು ಕಡಿಮೆ ಮಾಡಿ, ಫೋನಿನಲ್ಲಿ ಮಾತಾಡಬೇಡಿ ಎಂಬ ಚೀಟಿ ಅಂಟಿಸಿದ್ದರು. ಮಾರ್ನಿಂಗ್ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಮಾವ ಏಳುವ ಸಮಯ. ಅತ್ತೆ ಹೊರಗೆ ಕಟ್ಟೆಯ ಮೇಲೆ ನಿಂತು ಅವರಿಗೆ ದೋಣಿ ತೋರಿಸುತ್ತಿದ್ದರು, ನಾನು ಕಿಟಕಿಯೊಳಗಿಂದ ನೋಡುತ್ತಿದ್ದೆ. ಸೆರಗು ಗಾಳಿಗೆ ಹಾರುತ್ತಿತ್ತು, ಅತ್ತೆ ನಗುತ್ತಿದ್ದರು. ಆ ನಗು ಮನೆಯೊಳಗೆ ನನಗೆ ಯಾವತ್ತೂ ಕಂಡಿರಲಿಲ್ಲ.

ಮಳೆಗಾಲದ ಕೊನೆಯ ಒಂದು ಭಾನುವಾರ ಮಾವ ಫೋನು ಎತ್ತಲಿಲ್ಲ. ಎತ್ತಿದ್ದು ಅವರ ತಮ್ಮ. ಎರಡು ದಿನದಿಂದ ಜ್ವರ, ಬೆಳಿಗ್ಗೆ ಉಸಿರು ಸಿಕ್ಕಿಕೊಂಡಿತು, ಆಸ್ಪತ್ರೆಗೆ ಸೇರಿಸಿದ್ದೇವೆ, ಒಳಗೆ ಯಾರನ್ನೂ ಬಿಡುತ್ತಿಲ್ಲ ಎಂದರು. ಅತ್ತೆ ಒಳಗೆ ಬಂದು ಕೂತು, ಇದ್ದ ಕಾಫಿಯನ್ನು ಹಾಲಿಲ್ಲದೆ ಕುಡಿದು ಮುಗಿಸಿದರು. ಆಮೇಲೆ ಹೇಳಿದರು: "ಹೇಗಾದ್ರೂ ನನ್ನ ಕಳಿಸು."

ಗಂಡನೂ ನಾನೂ ಸರ್ಕಾರದ ವಿಶೇಷ ವಿಮಾನಕ್ಕೆ ಬೆನ್ನು ಹತ್ತಿದೆವು. ಸೀಟು ಸಿಕ್ಕಿತು. ವಿಮಾನ ನಿಲ್ದಾಣಕ್ಕೆ ಯೋಕೋಹಾಮಾದಿಂದ ಗಂಡ ಬಂದ. ತಿಂಗಳುಗಳ ಮೇಲೆ ಕಂಡ ಮಗನನ್ನು ಅಮ್ಮ ದೂರದಲ್ಲೇ ನಿಲ್ಲಿಸಿ, "ಹತ್ರ ಬರ್ಬೇಡ ಕಣೋ, ನಂಗೇನಾದ್ರೂ ಆದ್ರೆ ಅಲ್ಲಿ ಇಳಿಸಲ್ಲ" ಎಂದರು. ಮುಖಕ್ಕೆ ಪ್ಲಾಸ್ಟಿಕ್ ಕಟ್ಟಿಕೊಂಡು ಹಿಂದೆ ನೋಡದೆ ಒಳಗೆ ಹೋದರು. ಅವನು ಅಲ್ಲೇ ಕುರ್ಚಿಯ ಮೇಲೆ ಕುಸಿದ.

ಅತ್ತೆ ಬೆಂಗಳೂರು ಸೇರಿದರು, ಮನೆ ಸೇರಲಿಲ್ಲ. ವಿದೇಶದಿಂದ ಬಂದವರು ಮೊದಲು ಹೋಟೆಲಿನಲ್ಲಿ ಕ್ವಾರಂಟೈನ್ ಇರಬೇಕೆಂಬುದು ಆಗಿನ ನಿಯಮ. ಕೋಣೆಯ ಕಿಟಕಿಯಿಂದ ತಮಗೆ ಗೊತ್ತಿರುವ ಬೀದಿಗಳೇ ಕಾಣುತ್ತಿದ್ದವಂತೆ. ಆಸ್ಪತ್ರೆ ಆಟೋದಲ್ಲಿ ಹೋಗುವಷ್ಟು ಹತ್ತಿರ. ಮೂರನೆಯ ದಿನ ಮಾವ ಹೋದರು. ಕೊನೆಯ ಸಲ ಮುಖ ನೋಡಲು ಹೆಂಡತಿಯನ್ನು ಬಿಡಿ ಎಂದು ಅವರ ತಮ್ಮ ಅರ್ಜಿ ಹಿಡಿದು ಓಡಾಡಿದರು. ಅನುಮತಿ ಸಿಗುವ ಮೊದಲೇ ಆಸ್ಪತ್ರೆಯವರು ನೇರವಾಗಿ ಚಿತಾಗಾರಕ್ಕೆ ಕಳಿಸಿ ಆಗಿತ್ತು. ಅಷ್ಟು ದೂರದ ಸಮುದ್ರ ದಾಟಿ ಬಂದವರನ್ನು ನಾಲ್ಕು ಬೀದಿ ದಾಟಲು ಬಿಡಲಿಲ್ಲ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ, ಅಂದು ಲ್ಯಾಬಿನಲ್ಲಿ ಎಲ್ಲರ ಮೇಲೂ ಹರಿಹಾಯ್ದೆ.

ಭಾನುವಾರ ಒಬ್ಬಳೇ ಬಂದರಿಗೆ ಹೋದೆ. ಅತ್ತೆಯ ಗಂಡ ತೀರಿಕೊಂಡರು ಎಂದು ಅಂಗಡಿಯಾಕೆಗೂ ಮುದುಕರಿಗೂ ಹೇಳಿದೆ. ಇಬ್ಬರೂ ತಲೆಬಾಗಿದರು. ದೋಣಿಗೆ ಹೋಗುವವರೆಲ್ಲ ಹೋಗಿ ಅಂಗಡಿ ಖಾಲಿಯಾದ ಮೇಲೆ ಫೋನು ಬಂತು. ಹೊರಗೆ ಹೋಗಲೆಂದು ಎದ್ದೆ.

"ಬಂದರಲ್ಲಿದೀಯಾ?"

"ಹೂಂ ಅತ್ತೆ. ತಡೀರಿ, ಹೊರಗೆ ಹೋಗ್ತೀನಿ."

"ಬೇಡ, ಒಳಗೇ ಇರು. ಇಲ್ಲಿ ತಿಂಡಿ ಬಾಗಿಲ ಮುಂದಿಟ್ಟು ಬೆಲ್ ಒತ್ತಿ ಓಡಿಹೋಗ್ತಾರೆ. ನಿಮ್ಮ ಮಾವ ಹೋದ್ರು ಅಂತ ಫೋನಲ್ಲಿ ಹೇಳಿದ್ದಷ್ಟೆ. ಆವಾಗ್ಲಿಂದ ಒಬ್ಬರ ಮುಖ ನೋಡಿಲ್ಲ ನಾನು. ಅಳೋಕೂ ಆಗ್ತಿಲ್ಲ ಕಣಮ್ಮ. ಯಾರ ಮುಂದೆ ಅಳ್ಲಿ, ಗೋಡೆ ಮುಂದೆನಾ? ನೀನೇನೂ ಮಾತಾಡ್ಬೇಡ. ಫೋನ್ ಮೇಜಿನ ಮೇಲಿಡು. ಜನ ಇದ್ದಾರೆ ಅಂತ ಕೇಳಿಸ್ಲಿ, ಸಾಕು."

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಒಳಗೆ ಕಪ್ಪುಗಳನ್ನು ತೊಳೆಯುವ ಸದ್ದು, ಮುದುಕರ ಕೆಮ್ಮು, ಯಾರೋ ಹೊರಗೆ ಹಗ್ಗ ಎಳೆಯುತ್ತಿದ್ದರು. ಆಮೇಲೆ ಅತ್ತೆಯ ಅಳು ಶುರುವಾಯಿತು, ದೊಡ್ಡ ದನಿಯಲ್ಲಿ, ಮಾವನನ್ನು ಬೈಯುತ್ತಾ, ಕರೆಯುತ್ತಾ. ನಾನು ಫೋನಿನ ಸದ್ದು ತಗ್ಗಿಸಲು ಕೈ ಚಾಚಿದೆ. ಅಂಗಡಿಯಾಕೆ ನಲ್ಲಿ ನಿಲ್ಲಿಸಿ, ಬೇಡ ಎಂದು ಕೈಸನ್ನೆ ಮಾಡಿದರು. ಕೈ ಒರೆಸಿಕೊಂಡು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಮುದುಕರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅತ್ತೆ ಅತ್ತು ಮುಗಿಸುವವರೆಗೂ ನಾವು ಮೂವರೂ ಅವರ ಜೊತೆ ಕೂತಿದ್ದೆವು.