ಬರ್ಮಾದ ಸಾರು, ಅತ್ತೆಯ ಶಾವಿಗೆ

ಹುಬ್ಬಳ್ಳಿಯ ಒಂದು ಮದುವೆಯಲ್ಲಿ ಬರ್ಮಾದ ಖಾವ್ ಸ್ವೇ ತಿಂದೆ. ತೆಂಗಿನಹಾಲಿನ ಖಾರದ ಸಾರಿನಲ್ಲಿ ಮುಳುಗಿದ ನೂಡಲ್ಸ್. ಮದುಮಕ್ಕಳ ಮುಖ ಮರೆತಿದ್ದೇನೆ, ಆ ಬಟ್ಟಲನ್ನು ಮರೆತಿಲ್ಲ. ರೋಣಕ್ಕೆ ಮರಳುವ ಬಸ್ಸಿನಲ್ಲೇ ತೀರ್ಮಾನಿಸಿದೆ: ಇದನ್ನು ಮಾಡಿ ಅತ್ತೆಯ ಬಾಯಿಂದ "ಚಲೋ ಆಗೈತಿ" ಅನ್ನಿಸಲೇಬೇಕು. ಹದಿನೆಂಟು ವರ್ಷದಲ್ಲಿ ಅವರು ನನ್ನ ಅಡುಗೆಗೆ ಕೊಟ್ಟ ಅತಿ ದೊಡ್ಡ ಪದಕ "ಅಡ್ಡಿಯಿಲ್ಲ". ಸುಳ್ಳೇಕೆ ಹೇಳಲಿ, ಆ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಬರ್ಮಾದವರು ಇದಕ್ಕೆ ಕೋಳಿ ಹಾಕುತ್ತಾರೆ. ನಮ್ಮ ಹಿತ್ತಲಿಗೆ ಕೋಳಿ ನಡೆದು ಬಂದರೂ ಅತ್ತೆ ಕೋಲು ಹಿಡಿಯುತ್ತಾರೆ, ಹಾಗಾಗಿ ಆಲೂಗಡ್ಡೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಶುಂಠಿ, ಒಣಮೆಣಸಿನಕಾಯಿ ರುಬ್ಬಿ, ಎಣ್ಣೆ ಬಿಡುವವರೆಗೆ ಹುರಿದೆ. ಅರಿಸಿನ, ಉಪ್ಪು, ನೀರು ಹಾಕಿ ಆಲೂಗಡ್ಡೆ ಬೇಯಿಸಿದೆ. ಹುರಿದ ಕಡಲೆಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ ಸುರಿದೆ. ಕಡಲೆ ನಮ್ಮ ಹೊಲದ್ದೇ. ಅಷ್ಟರಮಟ್ಟಿಗೆ ಬರ್ಮಾದವರು ನಮಗೆ ಬೀಗರು. ಕೊನೆಗೆ ಉರಿ ಸಣ್ಣ ಮಾಡಿ ತೆಂಗಿನಹಾಲು. ಜೋರಾಗಿ ಕುದಿಸಿದರೆ ಒಡೆಯುತ್ತದೆ.

ನೂಡಲ್ಸ್ ಬದಲು, ಅತ್ತೆ ಬೇಸಿಗೆಯಲ್ಲಿ ಹೊಸೆದು ಒಣಗಿಸಿಟ್ಟ ಗೋಧಿ ಶಾವಿಗೆ ಬೇಯಿಸಿ ಬಸಿದೆ. ಅದನ್ನು ಬಟ್ಟಲಿಗೆ ಹಾಕಿ ಮೇಲೆ ಸಾರು ಸುರಿಯಬೇಕು. ನಾನು ಅವಸರಕ್ಕೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದೆ.

ಹಿಂಡಲು ನಿಂಬೆಹಣ್ಣು ಇರಲಿಲ್ಲ. ಓಣಿಯ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಗಂಡ ಉಣ್ಣಲು ಕೂತಿದ್ದರು. ಒಂದು ತುತ್ತು ಬಾಯಿಗಿಟ್ಟು ನನ್ನನ್ನೇ ನೋಡಿದರು.

"ಇದೇನಿದು, ಸಾರೋ ಹುಗ್ಗಿನೋ?"

ನಾನೂ ರುಚಿ ನೋಡಿದೆ. ಬೆಳ್ಳುಳ್ಳಿ, ಖಾರ, ಅದರ ಮೇಲೆ ಬೆಲ್ಲ! ಯಾರ ಕೈಚಳಕ ಎಂದು ವಿಚಾರಿಸುವ ಅಗತ್ಯವಿರಲಿಲ್ಲ. ನಮ್ಮ ಮನೆಯಲ್ಲಿ ಶಾವಿಗೆ ಬೆಂದಿತು ಎಂದರೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಂತೆಯೇ. ಸಿಟ್ಟು ನೆತ್ತಿಗೇರಿತು.

"ಅತ್ತಿ, ಬೆಲ್ಲ ಯಾಕ ಹಾಕಿದ್ರಿ?"

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನೀ ಹ್ವಾದ ಮ್ಯಾಲ ಒಂದ್ ಬಟ್ಟಲ ತಿಂದೆ. ಭಾಳ ಚಲೋ ಆಗಿತ್ತವಾ. ಆದ್ರ ಶಾವಿಗಿ, ಮ್ಯಾಲ ಕಾಯಿಹಾಲು... ಕೈ ತಡೀಲಿಲ್ಲ. ಮಗ ಇನ್ನೂ ಚಲೋ ಉಣ್ಲಿ ಅಂತ ಬೆಲ್ಲ ಹಾಕಿದೆ. ಕೆಡಿಸಿಬಿಟ್ಟೆ."

ಗಂಡ ಮೊಸರು ಹುಡುಕಿಕೊಂಡು ಎದ್ದರು. ನಾನು ಅತ್ತೆಯ ಪಕ್ಕದಲ್ಲಿ ಕೂತೆ. ಸಿಟ್ಟು ಎಲ್ಲಿ ಹೋಯಿತೋ, ಒಳಗೊಳಗೇ ಕುಣಿಯುವಷ್ಟು ಖುಷಿ.

"ಇನ್ನೊಮ್ಮೆ ಹೇಳ್ರಿ," ಎಂದೆ.

"ಕೆಡಿಸಿಬಿಟ್ಟೆ ಅಂದೆ."

"ಅದಲ್ರಿ. ಅದಕ್ಕಿಂತ ಮದ್ಲ ಏನೋ ಅಂದ್ರಲ್ಲ, ಅದು."