ಚಿಪ್ಪು ಬಿಚ್ಚಿ ಕೊಟ್ಟ ಮದ್ದು

ನನ್ನ ಗಂಡ ತೀರಿಕೊಂಡು ಹನ್ನೊಂದು ವಾರವಾಯಿತು. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಹೋದದ್ದು ಅದರಿಂದಲೇ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಆ ಕಾಗದ ನೋಡಿದಾಗಲೆಲ್ಲ ನನಗೆ ಮಾತ್ರ ಬೇರೆಯೇ ಒಂದು ಯೋಚನೆ ಬರುತ್ತದೆ. ಕಳೆದ ವಾರದವರೆಗೂ ಅದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನೂ ಅಂಗಡಿಗೆ ಬಾರದ, ಪರೀಕ್ಷೆಯಲ್ಲಿರುವ ಎರಡು ಮದ್ದುಗಳ ವಿಷಯ ನಮಗೆ ತಿಳಿಸಿದವರು ಮೆಲ್ಬರ್ನಿನ ಡಾಕ್ಟರು. ಒಂದು, ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಪೆಪ್ಟೈಡ್. ಅದರ ಪ್ರಯೋಗ ಇಲ್ಲೇ, ಮೆಲ್ಬರ್ನಿನ ಹೊರವಲಯದ ಟ್ರುಗನಿನಾದಲ್ಲಿರುವ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಇನ್ನೊಂದು, ದಿನಾ ನುಂಗುವ ಕ್ಯಾಪ್ಸೂಲ್. ಅದಕ್ಕೆ ಜಾಗ ಉಳಿದಿದ್ದದ್ದು ಸಿಡ್ನಿಯಲ್ಲಿ ಮಾತ್ರ. ಪೆಪ್ಟೈಡ್ ಅಂದರೆ ಪ್ರೋಟೀನಿನ ಸಣ್ಣ ತುಂಡು ಎಂದು ಮಗಳು ವಿವರಿಸಿದಳು.

"ಪ್ರೋಟೀನ್ ಅಂದ್ರೆ ಯಾವ ಪ್ರಾಣೀದು?" ಎಂದರು ಇವರು.

"ಪಪ್ಪಾ, ಲ್ಯಾಬ್‌ನಲ್ಲಿ ಮಷೀನ್ ಮಾಡತ್ತೆ. ನೋ ಅನಿಮಲ್, ಐ ಪ್ರಾಮಿಸ್."

"ಮಷೀನಿಗೆ ಏನು ಸುರೀತಾರೆ ಅಂತ ನೀನು ಹೋಗಿ ನೋಡಿದ್ಯಾ?"

ಮಗಳು ನಕ್ಕಳು. ಇವರೂ ನಕ್ಕರು. ಆದರೂ ಸಿಡ್ನಿಯನ್ನೇ ಆರಿಸಿಕೊಂಡರು.

ಆರು ವಾರಕ್ಕೊಮ್ಮೆ ಬೆಳಗಿನ ವಿಮಾನದಲ್ಲಿ ಹೋಗುತ್ತಿದ್ದೆವು. ಗಾಜಿನ ಗೂಡಿನಂಥದ್ದರಲ್ಲಿ ಕೂರಿಸಿ ಉಸಿರಿನ ಬಲ ಅಳೆಯಲು ಊದಿಸುತ್ತಿದ್ದರು, ರಕ್ತ ತೆಗೆಯುತ್ತಿದ್ದರು, ಹೊಸ ಬಾಟಲಿ ಕೊಡುತ್ತಿದ್ದರು. ಆಸ್ಪತ್ರೆಯ ಹಿಂದಿನ ಬೆಂಚಿನ ಮೇಲೆ ಕೂತು, ಡಬ್ಬಿಯಲ್ಲಿ ತಂದ ಮೊಸರನ್ನ ತಿಂದು ವಾಪಸಾಗುತ್ತಿದ್ದೆವು. ಪ್ರಯೋಗಕ್ಕೆ ಸೇರಿದವರಲ್ಲಿ ಅರ್ಧ ಜನರಿಗೆ ನಿಜವಾದ ಮದ್ದು, ಉಳಿದರ್ಧಕ್ಕೆ ಅದರ ಹಾಗೆಯೇ ಕಾಣುವ ಸುಳ್ಳು ಪುಡಿ. ಯಾರಿಗೆ ಯಾವುದು ಎಂದು ಕೊಡುವ ನರ್ಸಿಗೂ ಗೊತ್ತಿರುವುದಿಲ್ಲ.

ಈ ದೇಶಕ್ಕೆ ಬಂದ ಮೇಲೆ ಏನು ಕೊಂಡರೂ ಪೊಟ್ಟಣ ತಿರುಗಿಸಿ ಓದುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮೊಸರಾಗಲಿ ಮಿಠಾಯಿಯಾಗಲಿ, ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆಯುವ ಜೆಲಾಟಿನ್ ಅಂತಿದ್ದರೆ ಅಲ್ಲೇ ಬಿಟ್ಟು ಬರುತ್ತೇನೆ. ಇವರು ಓದದೆ ಸಹಿ ಹಾಕಿದ್ದ ಒಪ್ಪಿಗೆಯ ಕಾಗದಗಳನ್ನು ಮದ್ದು ಶುರುವಾದ ಎರಡನೇ ವಾರ ಒಂದು ಮಧ್ಯಾಹ್ನ ಹಾಗೆಯೇ ತಿರುವಿಹಾಕಿದೆ. ಕೊನೆಕೊನೆಯ ಹಾಳೆಯಲ್ಲಿತ್ತು. ಕ್ಯಾಪ್ಸೂಲಿನ ಚಿಪ್ಪು ಜೆಲಾಟಿನ್ನಿನದು, ದನದ್ದು.

ಸುಮ್ಮನಿರಬಹುದಿತ್ತು. ಹೇಳಿಬಿಟ್ಟೆ.

ಇವರು, "ನುಂಗಿದ್ದು ನುಂಗಿ ಆಯ್ತು. ಇನ್ಮೇಲೆ ಒಳಗಿನ ಪುಡಿ ಮಾತ್ರ ಕೊಡು. ಚಿಪ್ಪೇನು ಮದ್ದಲ್ವಲ್ಲ" ಎಂದರು.

"ನರ್ಸಿಗೆ ಒಂದ್ಮಾತು ಕೇಳೋಣ್ವಾ ರೀ?"

"ಕೇಳಿದ್ರೆ ಪ್ರಯೋಗದಿಂದ್ಲೇ ತೆಗೆದುಹಾಕಿಬಿಡ್ತಾರೆ ಕಣೇ. ಸುಮ್ನಿರು."

ಮಾರನೆಯ ದಿನದಿಂದ ತಿಂಡಿಯಾದ ಮೇಲೆ ಚಮಚದ ಮೇಲೆ ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಕೊಡತೊಡಗಿದೆ. ಸಿಡ್ನಿಯ ಆಸ್ಪತ್ರೆಯವರು ಕೊಟ್ಟಿದ್ದ ಡೈರಿಯಲ್ಲಿ 'ಇಡಿಯಾಗಿ ನುಂಗಿದೆ' ಎಂಬಲ್ಲಿ ಗುರುತು ಹಾಕುತ್ತಿದ್ದವಳೂ ನಾನೇ. ಸಿಡ್ನಿಯಲ್ಲಿ ಉಳಿದ ಕ್ಯಾಪ್ಸೂಲ್ ಎಣಿಸಿದರೆ ಒಂದೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ನಿಮ್ಮಷ್ಟು ಶಿಸ್ತಿನವರು ಬೇರೆ ಯಾರೂ ಇಲ್ಲ ಎಂದು ನರ್ಸ್ ಹೊಗಳಿದಳು. ನಾನು ತಲೆ ಎತ್ತಲಿಲ್ಲ. ಹೊರಗೆ ಬಂದ ಮೇಲೆ ಇವರು, "ನೋಡ್ದ್ಯಾ, ಫಸ್ಟ್ ಕ್ಲಾಸಲ್ಲಿ ಪಾಸು" ಎಂದು ಕೆಮ್ಮುತ್ತಲೇ ನಕ್ಕರು.

ಪುಡಿ ವಿಪರೀತ ಕಹಿ. ಮೊದಲ ದಿನ ಮುಖ ಕಿವಿಚಿದವರು ಆಮೇಲೆ ಕಣ್ಣರಳಿಸಿದರು. "ಇಷ್ಟು ಕಹಿ ಇದೆ ಅಂದ್ರೆ ಅಸಲೀನೇ ಕಣೇ. ಸುಳ್ಳು ಪುಡಿಗೆ ಯಾರಾದ್ರೂ ಕಷ್ಟಪಟ್ಟು ಕಹಿ ಹಾಕ್ತಾರಾ?" ನಾನೂ ನಂಬಿದೆ. ಎರಡು ಸಲ ಊದಿದ ಲೆಕ್ಕ ಇಳಿಯದೆ ನಿಂತಿತ್ತು. ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದರು. ಮೂರನೆಯ ಸಲ ಇಳಿಯಿತು. ಏಳನೇ ತಿಂಗಳಲ್ಲಿ ಜ್ವರ ಬಂತು, ಆಸ್ಪತ್ರೆ ಸೇರಿದರು, ಒಂಬತ್ತು ದಿನ ಇದ್ದರು.

ಕಳೆದ ವಾರ ಸಿಡ್ನಿಯಿಂದ ನರ್ಸ್ ಫೋನ್ ಮಾಡಿದಳು. ಉಳಿದ ಬಾಟಲಿಯನ್ನೂ ಡೈರಿಯನ್ನೂ ಕೊರಿಯರ್‌ನಲ್ಲಿ ಕಳಿಸಬೇಕಂತೆ. ಸ್ಪೀಕರ್ ಹಾಕಿಕೊಂಡು ಮಗಳು ಪಕ್ಕದಲ್ಲೇ ಕೂತಿದ್ದಳು. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ದಿನಾ ಬಿಚ್ಚಿ ಕೊಟ್ಟೆ, ಡೈರಿ ಸುಳ್ಳು ಎಂದೆ.

"ಅಮ್ಮಾ, ವಾಟ್?" ಎಂದಳು ಮಗಳು.

ನರ್ಸ್ ಬೈಯಲಿಲ್ಲ. ಯಾವಾಗಿನಿಂದ ಎಂದು ಕೇಳಿ ಬರೆದುಕೊಂಡಳು. ಬಿಚ್ಚಿದ್ದರಿಂದ ಮದ್ದು ಕೆಟ್ಟಿತೇ ಎಂದೆ. ಹೊಟ್ಟೆ ದಾಟಿದ ಮೇಲೆ ಕರಗಲಿ ಎಂದು ಆ ಚಿಪ್ಪಿಗೆ ಲೇಪ ಹಾಕಿರುತ್ತಾರೆ, ಪುಡಿ ನೇರವಾಗಿ ಹೊಟ್ಟೆಗೆ ಬಿದ್ದರೆ ಎಷ್ಟು ಉಳಿಯುತ್ತದೋ ತಾನು ಹೇಳಲಾರೆ ಎಂದಳು. ಅವರಿಗೆ ಸಿಕ್ಕಿದ್ದು ಸುಳ್ಳು ಪುಡಿಯಾಗಿದ್ದರೆ ಬಿಚ್ಚಿದ್ದರಿಂದ ಕಳೆದುಕೊಂಡದ್ದು ಏನೂ ಇಲ್ಲ ಎಂದೂ ಸೇರಿಸಿದಳು. ಕಹಿಯಿತ್ತಲ್ಲ ಎಂದೆ. ರುಚಿಯಿಂದ ಏನೂ ತಿಳಿಯದಂತೆ, ಎರಡನ್ನೂ ಒಂದೇ ಥರ ಮಾಡಿರಬಹುದಂತೆ.

ಹಾಗಾದರೆ ನಾನೀಗ ಏನೆಂದು ಬೇಡಿಕೊಳ್ಳಬೇಕು? ಏಳು ತಿಂಗಳು ದೇವರ ಮುಂದೆ, ಇದು ಅಸಲಿಯೇ ಆಗಿರಲಿ ಎಂದವಳು. ಅಸಲಿಯಾಗಿದ್ದರೆ ಅದನ್ನು ಕೆಡಿಸಿದ್ದು ನನ್ನ ಕೈ. ಸುಳ್ಳಾಗಿದ್ದರೆ ನಾನು ಏನೂ ಮಾಡಿಲ್ಲ, ಆದರೆ ಅವರು ಅಷ್ಟು ಸಂತೋಷದಿಂದ ನೆಕ್ಕಿದ್ದು ಬರೀ ಪುಡಿ. ಪ್ರತಿದಿನ ಒಂದೊಂದು ಕಡೆಗೆ ಮನಸ್ಸು ವಾಲುತ್ತದೆ.

ಪ್ರಯೋಗ ಪೂರ್ತಿ ಮುಗಿದ ಮೇಲೆ, ಬೇಕಿದ್ದರೆ ಅವರಿಗೆ ಯಾವುದು ಸಿಕ್ಕಿತ್ತೆಂದು ಮನೆಯವರಿಗೆ ಕಾಗದ ಬರೆಯುತ್ತೇವೆ, ಅದಕ್ಕೆ ವರ್ಷಗಳೇ ಹಿಡಿಯಬಹುದು ಎಂದಳು ನರ್ಸ್. ಬೇಕೇ ಎಂದು ಕೇಳಿದಳು. ಮಗಳು ತಕ್ಷಣ ಯೆಸ್ ಎಂದಳು. ಹೆಂಡತಿಯ ಬಾಯಲ್ಲಿ ಕೇಳಬೇಕು ಎಂದಿತು ಆ ಕಡೆಯ ದನಿ.

ಬೇಕು ಎಂದೆ. ಮಗಳು ವಿಳಾಸ ಹೇಳುತ್ತಿದ್ದಾಗ ಅವಳ ತೋಳು ಹಿಡಿದೆ.

"ನಿನ್ನ ಹೆಸರಿಗೆ ಬರ್ಲಿ. ನೀನೇ ಮೊದಲು ಓದು."

"ಓದಿ ನಿಂಗೆ ಹೇಳ್ಲಾ, ಬೇಡ್ವಾ?"

"ಅದನ್ನ ಆವಾಗ ಕೇಳು" ಎಂದೆ.