ಕೊಡಾರಿ ಸೇತುವೆ ನೋಡದ ಹುಚ್ಚಣ್ಣ

ಬುಕ್ಕಾಪಟ್ಟಣದ ಹತ್ತಿರದ ಕುರಿಹಟ್ಟಿಯಲ್ಲಿ ಹುಟ್ಟಿದ ಹುಚ್ಚಣ್ಣ ದನದ ಆಸ್ಪತ್ರೆಯ ಕಾಂಪೌಂಡರ್. ಎಪ್ಪತ್ತರ ದಶಕದಲ್ಲಿ ಅವನ ಹಳೆ ಜಾವಾ ಮೋಟಾರ್ ಸೈಕಲ್ ತುಳಿಯದ ಹಾದಿ ಕೊರಟಗೆರೆಯಿಂದ ಪಾವಗಡದವರೆಗೆ ಯಾವುದೂ ಇರಲಿಲ್ಲ. ಅದರ ಸದ್ದು ಕೇಳಿದರೆ ಸಾಕು, ಎಮ್ಮೆಗಳು ಸೂಜಿ ನೆನೆದು ಕೊಟ್ಟಿಗೆಯ ಮೂಲೆ ಸೇರುತ್ತಿದ್ದವು.

ಒಮ್ಮೆ ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಒಬ್ಬ ಪರದೇಶದವನು ತನ್ನ ಬಟ್ಟೆ ಒಣಗಹಾಕಿಕೊಂಡು ಕೂತಿದ್ದನಂತೆ. ಜರ್ಮನಿಯಿಂದ ಮೋಟಾರ್ ಸೈಕಲ್ಲಿನಲ್ಲೇ ಬಂದವನು. ಹುಚ್ಚಣ್ಣ ಅವತ್ತೇ ಮಧುಗಿರಿಯಲ್ಲಿ ನನ್ನ ಮನೆ ಬಾಗಿಲಿಗೆ ಬಂದ. ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಗಂಗಾಧರಯ್ಯ.

"ಮೇಷ್ಟ್ರೇ, ಅವ್ನು ಇಲ್ಲೀಗಂಟ ಬರೋದಾದ್ರೆ ನಾವ್ಯಾಕೆ ಓಗ್ಬಾರ್ದು? ನಮ್ ಗಾಡಿ ಎಲ್ಲೀಗಂಟ ಓಯ್ತದೆ ಏಳಿ."

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಭೂಪಟ ಬಿಡಿಸಿ, ನೇಪಾಳದ ತುದಿಯ ಕೊಡಾರಿಯ ಮೇಲೆ ಬೆರಳಿಟ್ಟೆ. ಅಲ್ಲೊಂದು ಸೇತುವೆ, ಅದರಾಚೆ ಟಿಬೆಟ್ಟು ಎಂದೆ. ಆಮೇಲೆ ಏಳು ವರ್ಷ ಅವನ ಬಾಯಲ್ಲಿ ಆ ಸೇತುವೆ ಬಿಟ್ಟರೆ ಬೇರೆ ಮಾತಿರಲಿಲ್ಲ. ರಜೆ ಕೂಡಿಟ್ಟ, ಇಂಜಿನ್ನು ಬಿಚ್ಚಿ ಕಟ್ಟುವುದನ್ನು ಸಿರಾದ ಮೆಕ್ಯಾನಿಕ್ಕಿನ ಹತ್ತಿರ ಕಲಿತ. ಊರವರು ಅವನಿಗೆ 'ಸೇತುವೆ ಹುಚ್ಚಣ್ಣ' ಎಂದೇ ಹೆಸರಿಟ್ಟರು.

೧೯೭೮ರ ದಸರಾ ರಜೆಗೆ ಹೊರಟೆವು. ಹಿಂದಿ ಬರುತ್ತದೆಂದು ಜಂಬ ಕೊಚ್ಚಿಕೊಂಡಿದ್ದಕ್ಕೆ ಹಿಂದಿನ ಸೀಟು ನನ್ನ ಪಾಲಿಗೆ ಬಂತು. ಅವನು ಎರಡು ಕರಿ ಕಂಬಳಿ ಕಟ್ಟಿಕೊಂಡಿದ್ದ. "ಫಾರಿನ್ನಿಗೆ ಕಂಬಳಿ ಹೊದ್ದು ಹೋಗುತ್ತಾರೇನಯ್ಯ?" ಎಂದು ರೇಗಿ, ಬಿಚ್ಚಿಸಿ ಮನೆಯಲ್ಲಿಡಿಸಿದೆ. ನನ್ನ ಟೆರಿಲಿನ್ ಶರಟು, ತೆಳು ಸ್ವೆಟರಿನ ಮೇಲೆ ನನಗೆ ಅಷ್ಟು ನಂಬಿಕೆ.

ಹೈದರಾಬಾದು, ನಾಗಪುರ, ಕಾಶಿ ದಾಟಿ ಹತ್ತನೇ ದಿನ ನೇಪಾಳದ ಗಡಿ ಹೊಕ್ಕೆವು. ಹನ್ನೊಂದನೇ ದಿನ ಮಧ್ಯಾಹ್ನ, ಕಠ್ಮಂಡುವಿಗೆ ಹೋಗುವ ಹಳೆಯ ಘಾಟಿ ಏರುವಾಗ ಮಳೆ ಹಿಡಿಯಿತು. ಕೊಡಾರಿಗೆ ಇನ್ನೊಂದೇ ದಿನದ ದಾರಿ. ಮಂಜಿನಲ್ಲಿ ಗಾಡಿ ಜಾರಿ ನಾನು ಪಕ್ಕದ ಹಳ್ಳದ ನೀರಿಗೆ ಬಿದ್ದೆ. ಹುಚ್ಚಣ್ಣ ಮೇಲೆತ್ತಿದ ಮೇಲೆ ಮೊದಮೊದಲು ಗಡಗಡ ನಡುಗಿದೆ. ಆಮೇಲೆ ನಡುಕ ನಿಂತುಹೋಯಿತು, ಹಾಯಾಗಿ ನಿದ್ದೆ ಬರತೊಡಗಿತು. ಅದುವರೆಗೆ ನನ್ನನ್ನು 'ಮೇಷ್ಟ್ರೇ' ಎಂದಲ್ಲದೆ ಬೇರೆ ಕರೆಯದ ಮನುಷ್ಯ ಕೆನ್ನೆಗೆ ಛಟೀರನೆ ಹೊಡೆದ.

"ಲೇ, ಕಣ್ ಮುಚ್ಬ್ಯಾಡ ಕಣ್ಲಾ! ಮುಚ್ಚಿದ್ರೆ ಓಗ್ಬುಡ್ತೀಯ!"

ನನ್ನನ್ನು ಹೆಗಲಿಗೆ ಹಾಕಿಕೊಂಡು, ಮಂಜಿನೊಳಗೆ ಎಲ್ಲೋ ಕೇಳುತ್ತಿದ್ದ ಕುರಿಗಳ ಅರಚಾಟದ ಕಡೆ ನಡೆದ. ಇಳಿಜಾರಿನಲ್ಲಿ ಒಂದು ಮಂದೆ. ಕಾಯುವ ಮುದುಕ ನಮ್ಮನ್ನು ಕಳ್ಳರೆಂದು ತಿಳಿದು ದೊಣ್ಣೆ ಎತ್ತಿದ. ನನ್ನ ಹಿಂದಿ ಹೊಟ್ಟೆಯೊಳಗೇ ಉಳಿಯಿತು. ಹುಚ್ಚಣ್ಣ ನನ್ನನ್ನು ನೆಲದ ಮೇಲೆ ಮಲಗಿಸಿ, ಕುಂಟುತ್ತಿದ್ದ ಒಂದು ಕುರಿಯ ಹಿಂಗಾಲು ಹಿಡಿದು ನಿಲ್ಲಿಸಿ, ಗೊರಸು ಬಿಡಿಸಿ, ಸಿಕ್ಕಿಕೊಂಡಿದ್ದ ಕಲ್ಲು ತೆಗೆದ. ಕಳ್ಳನಾದವನು ಕುರಿಯನ್ನು ಉಣ್ಣೆ ಹಿಡಿದು ಎಳೆಯುತ್ತಾನೆ. ಕುರಿಯ ನೋವು ಬಲ್ಲವನು ಹಾಗೆ ಹಿಡಿಯುವುದಿಲ್ಲ. ಮುದುಕನ ದೊಣ್ಣೆ ಕೆಳಗಿಳಿಯಿತು.

ನನ್ನ ಒದ್ದೆ ಬಟ್ಟೆ ಕಿತ್ತೆಸೆದು, ಮುದುಕ ಕೊಟ್ಟ ಉಣ್ಣೆ ಬಟ್ಟೆ ಸುತ್ತಿ, ಮಂದೆಯ ನಟ್ಟನಡುವೆ ಮಲಗಿಸಿದರು. ಮಾಗಿ ಚಳಿಯಲ್ಲಿ ಹುಚ್ಚಣ್ಣನ ಹಟ್ಟಿಯವರು ಬಡಕಲು ಮರಿಗಳನ್ನು ಹೀಗೇ ಉಳಿಸಿಕೊಳ್ಳುತ್ತಾರಂತೆ. ಸುತ್ತ ಕುರಿಗಳು ಒತ್ತಿ ಮಲಗಿದವು. ಬೆಳಗಿನ ಹೊತ್ತಿಗೆ ನನಗೆ ಮತ್ತೆ ನಡುಕ ಬಂತು, ಮೈಗೆ ಜೀವ ತಿರುಗಿದ ಗುರುತು. ಅದನ್ನು ನೋಡಿ ಹುಚ್ಚಣ್ಣ ಅಳುತ್ತಾ ನಕ್ಕ.

ಮೂರು ದಿನ ಮುದುಕನ ಗುಡಾರದಲ್ಲೇ ಇದ್ದೆವು. ನನ್ನ ಎದೆಗೆ ಕಫ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆಸ್ಪತ್ರೆ ಇದ್ದದ್ದು ಘಾಟಿಯ ಕೆಳಗೆ, ಬಂದ ದಾರಿಯಲ್ಲೇ. "ನೀನು ಸೇತುವೆ ನೋಡಿಕೊಂಡು ಬಾ, ನಾನಿಲ್ಲೇ ಇರುತ್ತೇನೆ" ಎಂದೆ.

"ಸೇತುವೆ ಇನ್ನೊಂದ್ ದಪ ನೋಡಬೌದು ಮೇಷ್ಟ್ರೇ. ನಿಮ್ಮನ್ನ ಎಲ್ಲಿಂದ ತರಾನ?" ಎಂದವನೇ ಗಾಡಿಯನ್ನು ಕೆಳಗಿನ ದಾರಿಗೆ ತಿರುಗಿಸಿದ. ನನ್ನನ್ನು ಟವೆಲ್ಲಿನಿಂದ ತನ್ನ ಬೆನ್ನಿಗೆ ಕಟ್ಟಿಕೊಂಡಿದ್ದ.

ಊರಲ್ಲಿ ಕೇಳಿದವರಿಗೆಲ್ಲ ಅವನದು ಒಂದೇ ಮಾತು: "ರಸ್ತೆ ಕುಸ್ದೋಗಿತ್ತು, ವಾಪಸ್ ಬಂದ್ಬುಟ್ಟೊ." ಏಳು ವರ್ಷ ಬಡಕೊಂಡು ಹೋದವನು ಬರಿಗೈಲಿ ಬಂದನೆಂದು ಜನ ಗೇಲಿ ಮಾಡಿದರು. ನಾನು ನಾಚಿಕೆಯಿಂದ ಸುಮ್ಮನಿದ್ದೆ. ಕುರಿ ನಡುವೆ ಬೆತ್ತಲೆ ಮಲಗಿದ್ದೆನೆಂದು ಹೇಳಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ, ಥೂ.

೧೯೮೫ರಲ್ಲಿ ಅವನಿಗೆ ಪಾವಗಡದ ದನದ ಆಸ್ಪತ್ರೆಯಿಂದ ಬೇರೆ ಊರಿಗೆ ವರ್ಗವಾಯಿತು. ಬೀಳ್ಕೊಡುಗೆಗೆ ನಾನೂ ಹೋಗಿದ್ದೆ, ಅಲ್ಲಿ ಯಾರೋ ಮತ್ತೆ ಸೇತುವೆಯ ಮಾತೆತ್ತಿ ನಗಿಸಿದರು. ತಡೆಯಲಾರದೆ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ, ಬೆತ್ತಲೆ ಮಲಗಿದ್ದನ್ನೂ ಸೇರಿಸಿ. ಯಾರೂ ನಗಲಿಲ್ಲ. ಹುಚ್ಚಣ್ಣ ತಲೆ ಬಗ್ಗಿಸಿ ಕೂತಿದ್ದ. ಅವನ ಹೆಂಡತಿ ಗೌರಕ್ಕ, "ನನ್ನತ್ರಾನೂ ರಸ್ತೆ ಕುಸ್ದಿತ್ತು ಅಂತ್ಲೇ ಅಂದಿದ್ದ ಕಣಣ್ಣ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹುಚ್ಚಣ್ಣನಿಗೆ ಮತ್ತೆಂದೂ ಅತ್ತ ಹೋಗಲಾಗಲಿಲ್ಲ, ಅವನು ಆ ಸೇತುವೆಯನ್ನು ನೋಡಲೇ ಇಲ್ಲ. ನಾನು ಮಾತ್ರ ಅವನಿಂದಾಗಿ ನನ್ನ ಇಬ್ಬರು ಮಕ್ಕಳ ಮುಖ ನೋಡಿದೆ. ಇಬ್ಬರೂ ಹುಟ್ಟಿದ್ದು ನಾವು ವಾಪಸು ಬಂದ ಮೇಲೆ.